ಅಮ್ಮನ ಎದೆಯಿಂದ ಕತ್ತರಿಸಿದ ಬಾಣ

ಮಾರ್ಚ್ ೪

ಅಣ್ಣಾ,

ಕಾಗದದ ಮೊದಲ ಸಾಲಿನಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಇಲ್ಲಿ ಕ್ಷೇಮವಿಲ್ಲ, ಅಲ್ಲಿಯ ಕ್ಷೇಮ ವಿಚಾರಿಸುವ ಮನಸ್ಸೂ ನನಗಿಲ್ಲ. ಎರಡು ವರ್ಷದಿಂದ ನನ್ನ ನಂಬರ್ ಬ್ಲಾಕ್ ಮಾಡಿ ಕೂತಿದ್ದೀಯ. ಅತ್ತಿಗೆಗೆ ಮಾಡಿದರೆ ಅವರೂ ಎತ್ತುವುದಿಲ್ಲ. ಅದಕ್ಕೇ ಈ ಕಾಗದ. ಅಂಚೆಯವನನ್ನು ಬ್ಲಾಕ್ ಮಾಡುವುದು ನಿನ್ನಿಂದಲೂ ಆಗದು ತಾನೇ?

ವಿಷಯ ಅಮ್ಮನದು. ಹೋದ ವಾರ ಸ್ನಾನದ ಮನೆಯಲ್ಲಿ ಜಾರಿ ಬಿದ್ದಳು. ಕೈಯಲ್ಲಿದ್ದ ಫೋನ್ ಚೂರಾಯಿತು, ಅಮ್ಮನಿಗೆ ಪಕ್ಕೆ ನೋವು. ನಮ್ಮ ಆಸ್ಪತ್ರೆಯಲ್ಲೇ ಸ್ಕ್ಯಾನ್ ಮಾಡಿಸಿದೆ. ಪಕ್ಕೆಲುಬು ಒಂದೂ ಮುರಿದಿಲ್ಲ. ಆದರೆ ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಗಂಟು ಇದೆ. ಹೆಬ್ಬೆರಳಿನ ಉಗುರಿನಷ್ಟು, ಅಂಚು ಒರಟು. ನಮ್ಮಲ್ಲಿ ಈಗ ಹೊಸ ವ್ಯವಸ್ಥೆ ಬಂದಿದೆ, ಡಾಕ್ಟರು ನೋಡುವುದಕ್ಕೆ ಮೊದಲೇ ಯಂತ್ರ ಚಿತ್ರವನ್ನು ಓದಿ, ಅನುಮಾನ ಬಂದ ಕಡೆ ಕೆಂಪು ಉಂಗುರ ಹಾಕಿಡುತ್ತದೆ. ನಾನು ಪರದೆ ತೆರೆದಾಗ ಅಮ್ಮನ ಎದೆಯಲ್ಲಿ ಉಂಗುರ ಕೂತಿತ್ತು. ದಿನಕ್ಕೆ ಎಷ್ಟೋ ಜನರ ಉಂಗುರ ನೋಡುವವಳು ನಾನು. ಪರದೆಯ ಮೇಲಿನ ಹೆಸರು ಅಮ್ಮನದೇ ಹೌದೇ ಎಂದು ಎರಡು ಸಲ ಓದಿದೆ.

ಸೂಜಿ ಹಾಕಿ ಪರೀಕ್ಷೆ ಮಾಡಿದರು, ಏನೂ ಖಚಿತವಾಗಲಿಲ್ಲ. ಸರ್ಜನ್ ಕೇಳಿದ್ದು ಒಂದೇ ಮಾತು: "ಇವರದ್ದು ಹಳೇ ಚಿತ್ರ ಏನಾದ್ರೂ ಇದೆಯಾ?" ಹಿಂದೆಯೂ ಇದು ಇದೇ ಗಾತ್ರದಲ್ಲಿ ಇದ್ದಿದ್ದರೆ ಹಳೆಯ ಗಾಯದ ಕಲೆ, ಮುಟ್ಟಬೇಕಾಗಿಲ್ಲ. ಹೊಸದಾಗಿ ಬಂದಿದ್ದರೆ ಆ ಭಾಗವನ್ನೇ ಕತ್ತರಿಸಿ ತೆಗೆಯಬೇಕು. ಅಮ್ಮನನ್ನು ಕೇಳಿದರೆ "ಅದು ಹಳೇದು ಕಣೇ" ಅನ್ನುತ್ತಾಳೆ. ಅಮ್ಮನಿಗೆ ಗೋಡೆಯ ಬಿರುಕೂ ಹಳೇದು, ಮೊಣಕಾಲು ನೋವೂ ಹಳೇದು. ಅವಳ ಮಾತನ್ನು ರಿಪೋರ್ಟಿನಲ್ಲಿ ಬರೆಯಲು ಆಗುತ್ತದೆಯೇ?

ಹನ್ನೊಂದು ವರ್ಷದ ಹಿಂದೆ ಜ್ವರ ಬಂದಾಗ ಊರಿನ ಆಸ್ಪತ್ರೆಯಲ್ಲಿ ಅಮ್ಮನ ಎದೆಯ ಎಕ್ಸ್‌ರೇ ತೆಗೆಸಿದವನು ನೀನು. ಕಂದು ಬಣ್ಣದ ಲಕೋಟೆಯಲ್ಲಿ ಆ ಫಿಲ್ಮ್ ನಿಮ್ಮ ಮನೆಯ ಅಟ್ಟದ ಮೇಲಿತ್ತು. ಅದು ಬೇಕು. ನಿನ್ನ ಮೇಲಿನ ಸಿಟ್ಟು ಹಾಗೇ ಇದೆ. ಇದು ರಾಜಿಯ ಕಾಗದ ಅಂದುಕೊಳ್ಳಬೇಡ. ಫಿಲ್ಮ್ ಕಳಿಸು, ಸಾಕು.

ತಂಗಿ

ಮಾರ್ಚ್ ೧೩

ಸ್ಕ್ಯಾನ್ ಡಾಕ್ಟರಮ್ಮನವರ ಸನ್ನಿಧಾನಕ್ಕೆ,

ಬೋರ್ಡು ಬರೆಯುವವನ ನಮಸ್ಕಾರಗಳು. ತಮ್ಮ ಆಜ್ಞೆ ತಲುಪಿತು.

ಅಮ್ಮ ಬಿದ್ದದ್ದು ಹೋದ ತಿಂಗಳು, ನನಗೆ ಗೊತ್ತಾಗಿದ್ದು ಈಗ. ಅದೂ ಏಕೆ? ತಮಗೆ ಒಂದು ಫಿಲ್ಮ್ ಬೇಕಾಯಿತು ಎಂದು. ಬೇಡವಾಗಿದ್ದರೆ ಹೇಳುತ್ತಿದ್ದೆಯಾ ಪುಟ್ಟಿ? ಎದೆ ಮುಟ್ಟಿಕೊಂಡು ಹೇಳು.

ನನಗೆ ನೆನಪಿನ ಶಕ್ತಿ ಚೆನ್ನಾಗಿದೆ. ಎರಡು ವರ್ಷದ ಹಿಂದೆ ನೀನು ನಮ್ಮ ಮನೆಗೆ ಕಾರಿನಲ್ಲಿ ಬಂದಿಳಿದೆ. ಅಮ್ಮ ನಾಲ್ಕು ಸಲ ಕೆಮ್ಮಿದಳು. ನೀನು ನನ್ನ ಹೆಂಡತಿಯ ಎದುರಿಗೆ, ಕೆಲಸದ ಹುಡುಗರ ಎದುರಿಗೆ ಅಂದದ್ದು ಇದು: "ನಿನ್ನ ಬಣ್ಣದ ವಾಸನೆ ಅಮ್ಮನ ಎದೆ ಸುಡ್ತಾ ಇದೆ. ಇಲ್ಲೇ ಬಿಟ್ರೆ ನೀನೇ ಅವಳನ್ನ ಸಾಯಿಸ್ತೀಯ." ಸಂಜೆಯೊಳಗೆ ಅವಳ ಬಟ್ಟೆ ಕಟ್ಟಿಕೊಂಡು ಹೊರಟೆ. ಆ ಬಣ್ಣದ ವಾಸನೆಯಲ್ಲೇ ನಿನ್ನ ಓದು ಮುಗಿದದ್ದು, ಅದು ನಿನ್ನ ಮೂಗಿಗೆ ಬಡಿಯಲಿಲ್ಲ. ಏರಿದ ಮೇಲೆ ಏಣಿ ಒದೆಯುವುದು ಅಂದರೆ ಇದೇ.

ಈಗ ಕೇಳು. ನಿಮ್ಮಲ್ಲಿ ಮನುಷ್ಯನನ್ನು ಬ್ರೆಡ್ಡಿನ ಹಾಗೆ ಹೋಳುಹೋಳಾಗಿ ತೋರಿಸುವ ಯಂತ್ರ ಇದೆ. ಡಾಕ್ಟರಿಗಿಂತ ಮೊದಲೇ ಓದುವ ಯಂತ್ರ ಇದೆ. ಇಷ್ಟೆಲ್ಲ ಇಟ್ಟುಕೊಂಡು ಒಬ್ಬ ಬೋರ್ಡು ಬರೆಯುವವನ ಅಟ್ಟದ ಲಕೋಟೆಗೆ ಕೈ ಚಾಚುತ್ತೀರಲ್ಲ, ನಾಚಿಕೆ ಆಗುವುದಿಲ್ಲವೇ? ಎಕ್ಸ್‌ರೇ ತೆಗೆದದ್ದು ಆಸ್ಪತ್ರೆ. ಅಲ್ಲಿ ಕೇಳು. ನನ್ನ ಹತ್ತಿರ ಇಲ್ಲ ಅಂತಲೇ ಇಟ್ಟುಕೋ.

ಅಮ್ಮನಿಗೆ ಬಿಸಿನೀರಿನ ಚೀಲ ಪಕ್ಕೆಗೆ ಇಡು. ಬಲಗಡೆ ಮಲಗಿದರೆ ಅವಳಿಗೆ ನಿದ್ದೆ ಬರುವುದಿಲ್ಲ, ಅದು ನಿಮ್ಮ ಯಂತ್ರಕ್ಕೆ ಗೊತ್ತಿರಲಾರದು.

ಇಂತಿ,
ಊರಿನಲ್ಲೇ ಉಳಿದವನು

ಮಾರ್ಚ್ ೨೪

ಅಣ್ಣಾ,

ನೀನು ಹೇಳಿದ ಹಾಗೆ ಆಸ್ಪತ್ರೆಗೇ ಹೋದೆ. ನಿನ್ನೆ ರಜೆ ಹಾಕಿ, ನಿನ್ನ ಊರಿಗೇ ಬಂದೆ.

ನಾವು ಚಿಕ್ಕವರಿದ್ದಾಗ ನೋಡಿದ ಆಸ್ಪತ್ರೆ ಅಲ್ಲ ಅದು. ಬಾಗಿಲಿನಿಂದಲೇ ನೆಲದ ಮೇಲೆ ಹಳದಿ ಬಾಣಗಳನ್ನು ಬರೆದಿದ್ದಾರೆ, ಅವನ್ನು ಹಿಡಿದು ನಡೆದರೆ ಸೀದಾ ಹೊಸ ಸ್ಕ್ಯಾನಿಂಗ್ ಕೋಣೆ. ಹಳೆಯ ಫಿಲ್ಮುಗಳನ್ನು ಜೋಡಿಸಿಡುತ್ತಿದ್ದ ಕೋಣೆ ಎಲ್ಲಿ ಅಂದೆ. ಕೌಂಟರಿನ ಹುಡುಗಿ ನಕ್ಕು, "ಇದೇ ಮೇಡಂ, ನೀವು ನಿಂತಿರೋದೇ ಆ ಕೋಣೆ" ಅಂದಳು. ಹೊಸ ಯಂತ್ರಕ್ಕೆ ಜಾಗ ಬೇಕಿತ್ತಂತೆ. ಫಿಲ್ಮುಗಳನ್ನೆಲ್ಲ ಲಾರಿಗೆ ತುಂಬಿ ಗುಜರಿಯವನಿಗೆ ಕೊಟ್ಟರಂತೆ. ಫಿಲ್ಮಿನಲ್ಲಿ ಚೂರು ಬೆಳ್ಳಿ ಇರುತ್ತದೆ, ಅದನ್ನು ತೊಳೆದು ತೆಗೆಯುತ್ತಾರೆ. ಒಂದು ಊರಿನ ಜನರ ಎದೆ, ಬೆನ್ನು, ಕೈಕಾಲು ಎಲ್ಲ ತೊಳೆದು ಮೋರಿಗೆ ಬಿಟ್ಟಿದ್ದಾರೆ. "ಕಂಪ್ಯೂಟರಿಗೆ ಏರಿಸಿಕೊಂಡು ಆಮೇಲೆ ಕೊಡಬಹುದಿತ್ತಲ್ಲ" ಅಂದರೆ ಮೇಲ್ವಿಚಾರಕ ನನ್ನನ್ನೇ ಹುಚ್ಚಿಯ ಹಾಗೆ ನೋಡಿದ. ಅವನ ಮೇಜು ತಟ್ಟಿ ಕಿರುಚಿ ಬಂದೆ. ಪ್ರಯೋಜನ ಏನು?

ನಿನಗೆ ನಗು ಬರುತ್ತಿರಬಹುದು. ನಗು. ಆದರೆ ಒಂದು ಮಾತು ತಿಳಿದುಕೋ. ಎಂಥ ಯಂತ್ರವಾದರೂ ಅದು ಇವತ್ತಿನ ಎದೆಯನ್ನು ಮಾತ್ರ ತೋರಿಸುತ್ತದೆ. ನಿನ್ನೆ ಹೇಗಿತ್ತು ಎಂದು ಅದಕ್ಕೆ ಗೊತ್ತಿಲ್ಲ. ನನ್ನ ಗುರುಗಳು ಹಳೆಯ ಚಿತ್ರ ಪಕ್ಕದಲ್ಲಿಲ್ಲದೆ ಬಾಯಿ ಬಿಡುತ್ತಿರಲಿಲ್ಲ. ಈಗ ನಮಗೆ ಹಳೆಯದನ್ನು ಹುಡುಕುವ ವ್ಯವಧಾನವೇ ಇಲ್ಲ. ಗಂಟೆಗೆ ಇಷ್ಟು ಓದಿ ಮುಗಿಸಬೇಕು ಎಂದು ಗೋಡೆಗೆ ಅಂಟಿಸಿದ್ದಾರೆ. ಯಂತ್ರ ಉಂಗುರ ಹಾಕಿದ್ದನ್ನು "ಇದು ಏನೂ ಅಲ್ಲ" ಎಂದು ತೆಗೆಯಲು ಒಬ್ಬರಿಗೂ ಧೈರ್ಯವಿಲ್ಲ. ನಾಳೆ ಹೆಚ್ಚುಕಡಿಮೆಯಾದರೆ ಯಂತ್ರವನ್ನು ಯಾರೂ ಕಟಕಟೆಗೆ ಹತ್ತಿಸುವುದಿಲ್ಲವಲ್ಲ. ಸ್ವಂತ ತಾಯಿಯ ಚಿತ್ರ ನಾನು ಓದಕೂಡದು ಎಂಬ ನಿಯಮ ಬೇರೆ. ಪಕ್ಕದ ಕುರ್ಚಿಯ ಗೆಳತಿ ಓದಿದಳು. ಅವಳೂ ಉಂಗುರ ತೆಗೆಯಲಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ತೆಗೆಯುತ್ತಿರಲಿಲ್ಲ.

ಮೂರು ತಿಂಗಳು ಕಾದು ಇನ್ನೊಮ್ಮೆ ಸ್ಕ್ಯಾನ್ ಮಾಡಬಹುದು ಎಂಬ ದಾರಿಯೂ ಇತ್ತು. ಕಾಯುವ ಎದೆಗಾರಿಕೆ ನನಗಿಲ್ಲ. ಏಪ್ರಿಲ್ ೯ಕ್ಕೆ ಆಪರೇಷನ್ ನಿಗದಿಯಾಗಿದೆ.

ಅಣ್ಣನ ಹತ್ತಿರ ಫಿಲ್ಮ್ ಇಲ್ಲವಂತೆ ಎಂದು ಅಮ್ಮನಿಗೆ ಹೇಳಿದ್ದೇನೆ. "ಇದೆ, ಅವನು ಏನನ್ನೂ ಎಸೆಯುವವನಲ್ಲ" ಎಂದಳು. ನಿಜ ಹೇಳು, ಇದೆಯೋ ಇಲ್ಲವೋ?

ತಂಗಿ

ಏಪ್ರಿಲ್ ೫

ಪುಟ್ಟಿ,

ಈ ಕಾಗದವನ್ನು ಪೊಟ್ಟಣದೊಳಗೇ ಇಡುತ್ತಿದ್ದೇನೆ. ಮೊದಲು ಓದು, ಆಮೇಲೆ ಬಿಚ್ಚು, ಇಲ್ಲದಿದ್ದರೆ ಅಲ್ಲೇ ಕೂಗಾಡುತ್ತೀಯ.

ಫಿಲ್ಮ್ ಇದೆ. ಆದರೆ ಇಡಿಯಾಗಿಲ್ಲ. ನಾವು ಬೋರ್ಡು ಬರೆಯುವವರು ತೂತಿನ ಮೇಲೆ ಬಣ್ಣ ಬಳಿಯುವ ಸ್ಟೆನ್ಸಿಲ್ ಅಚ್ಚಿಗೆ ಹಳೆಯ ಎಕ್ಸ್‌ರೇ ಫಿಲ್ಮನ್ನೇ ಬಳಸುತ್ತೇವೆ ಎಂದು ನಿನಗೂ ಗೊತ್ತು. ರಟ್ಟು ಬಣ್ಣ ಕುಡಿದು ಮೆತ್ತಗಾಗುತ್ತದೆ, ತಗಡು ಬಾಗುವುದಿಲ್ಲ, ಫಿಲ್ಮಿನಷ್ಟು ಒಪ್ಪವಾಗಿ ಇನ್ನೊಂದನ್ನು ಕತ್ತರಿಸಲು ಆಗುವುದಿಲ್ಲ. ಚಿಕ್ಕವಳಿದ್ದಾಗ ನನ್ನ ಪಕ್ಕ ಕೂತು ಯಾರದೋ ಮೊಣಕೈಯಲ್ಲಿ ನೀನೇ ನಕ್ಷತ್ರ ಕತ್ತರಿಸಿದ್ದೆ. ನೀನು ಅಮ್ಮನನ್ನು ಕರೆದುಕೊಂಡು ಹೋದ ಮೇಲೆ ಆ ಲಕೋಟೆಯನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಒಂದು ದಿನ ಹೊರಗೆ ತೆಗೆದು ಬಾಣ ಕತ್ತರಿಸಿದೆ. ಊರಿನ ಆಸ್ಪತ್ರೆಯ ನೆಲಕ್ಕೆ ಬಾಣ ಬರೆಯುವ ಕೆಲಸ ಆಗ ಸಿಕ್ಕಿತ್ತು. ನೀನು ಮೊನ್ನೆ ತುಳಿದುಕೊಂಡು ಹೋದೆಯಲ್ಲ, ಆ ಹಳದಿ ಬಾಣಗಳು ನನ್ನವೇ. ಅಮ್ಮನ ಎದೆಯಿಂದ ಬಂದವು.

ತಪ್ಪಾಯಿತು ಎಂದು ನಾನು ಹೇಳುವುದಿಲ್ಲ. ಅದರಲ್ಲಿ ಏನಿದೆ ಎಂದು ನನಗೆ ಯಾರು ಹೇಳಿದ್ದರು?

ಹೇಳುವುದು ಬೇರೆ ಇದೆ. ನೀನು ಊರಿಗೆ ಬಂದಿದ್ದೆ. ಆಸ್ಪತ್ರೆಯಿಂದ ನನ್ನ ಮನೆ ಎರಡು ಬೀದಿ ಆಚೆ. ಎದುರಿನ ಔಷಧಿ ಅಂಗಡಿಯವನು ಮರುದಿನ, "ನಿಮ್ಮ ತಂಗಿ ಬಂದಿದ್ರಲ್ಲ, ಮನೆಗೆ ಬರ್ಲಿಲ್ವಾ?" ಅಂದ. ನಾನು ಬಂದಿದ್ದಳು ಅಂತ ಸುಳ್ಳು ಹೇಳಿದೆ. ಬಾಗಿಲು ತಟ್ಟಿದ್ದರೆ ಬೈಯುತ್ತಿದ್ದೆ, ನಿಜ. ಆದರೆ ಅವತ್ತೇ ಫಿಲ್ಮ್ ನಿನ್ನ ಕೈಯಲ್ಲಿ ಇರುತ್ತಿತ್ತು. ಅಮ್ಮನ ಪ್ರಾಣಕ್ಕಿಂತ ನಿನ್ನ ಬಿಂಕ ದೊಡ್ಡದಾಯಿತೇ?

ನಾನೇ ಬಸ್ಸು ಹತ್ತಿ ಬರಬಹುದಿತ್ತು ಎಂದು ನೀನು ಕೇಳುತ್ತೀಯ. ನಿನ್ನ ಬಾಗಿಲಿಗೆ ನಾನು ಬರುವುದಿಲ್ಲ. ಅಷ್ಟೇ.

ಸ್ಟೆನ್ಸಿಲ್ ಮೇಲೆ ಬಣ್ಣ ಪದರ ಪದರವಾಗಿ ಕೂತಿತ್ತು. ಕೆರೆದರೆ ಚಿತ್ರ ಎದ್ದು ಬರುತ್ತದೆ ಎಂದು ಹೆದರಿ, ಟರ್ಪೆಂಟೈನ್ ಬಟ್ಟೆ ಹೊದಿಸಿ, ಮೆತ್ತಗಾದಷ್ಟನ್ನೇ ಒರೆಸುತ್ತಾ ಬಂದೆ. ಅದಕ್ಕೇ ಇಷ್ಟು ದಿನ ಹಿಡಿಯಿತು. ಕತ್ತರಿಸಿ ತೆಗೆದ ಬಾಣವೂ ಮೊಳೆಗೆ ನೇತಾಡುತ್ತಿತ್ತು, ಅದನ್ನೂ ಇಟ್ಟಿದ್ದೇನೆ. ಎರಡನ್ನೂ ಸೇರಿಸಿದರೆ ಅಮ್ಮ ಪೂರ್ತಿ ಆಗುತ್ತಾಳೆ. ಕಿಟಕಿಗೆ ಹಿಡಿದು ನೋಡಿದೆ, ನನಗೇನೂ ತಿಳಿಯಲಿಲ್ಲ. ಎರಡು ದಿನದಲ್ಲಿ ತಲುಪಿಸುತ್ತೇವೆ ಎಂದು ಕೊರಿಯರ್‌ನವರು ಹೇಳಿದ್ದಾರೆ. ಮನೆಯಲ್ಲಿ ಯಾರಿರುತ್ತಾರೋ ಎಂದು ನಿನ್ನ ಆಸ್ಪತ್ರೆಯ ವಿಳಾಸಕ್ಕೇ ಹಾಕಿದ್ದೇನೆ, ಒಳಗೆ ಎಕ್ಸ್‌ರೇ ಇದೆ ಎಂದು ದಪ್ಪಕ್ಷರದಲ್ಲಿ ಬರೆದಿದ್ದೇನೆ.

ನಿನ್ನ ನಂಬರಿನ ಬ್ಲಾಕ್ ತೆಗೆದಿದ್ದೇನೆ. ಅಮ್ಮನ ವಿಷಯಕ್ಕೆ ಮಾತ್ರ.

ಅಣ್ಣ

ಏಪ್ರಿಲ್ ೧೭

ಅಣ್ಣಾ,

ಫೋನ್ ಮಾಡಿದರೆ ಕಿರುಚುತ್ತೇನೆ, ಪಕ್ಕದ ಕೋಣೆಯಲ್ಲಿ ಅಮ್ಮ ಮಲಗಿದ್ದಾಳೆ. ಬರೆಯುವುದೇ ವಾಸಿ.

ಆಪರೇಷನ್ ಆಯಿತು. ಒಂಬತ್ತನೆಯ ತಾರೀಖಿಗೇ ಆಯಿತು. ಎಡ ಶ್ವಾಸಕೋಶದ ಮೇಲಿನ ಭಾಗ ತೆಗೆದಿದ್ದಾರೆ. ಅಮ್ಮ ಚೇತರಿಸಿಕೊಳ್ಳುತ್ತಿದ್ದಾಳೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ತೆಗೆದದ್ದರ ಪರೀಕ್ಷೆಯ ಫಲಿತಾಂಶ ಮೊನ್ನೆ ಬಂತು. ಕ್ಯಾನ್ಸರ್ ಅಲ್ಲ. ಯಾವತ್ತೋ ಆಗಿ ಒಣಗಿದ ಗಾಯದ ಕಲೆ. ಸರ್ಜನ್ ಕೈ ಕುಲುಕಿ, "ಒಳ್ಳೇದೇ ಆಯ್ತಲ್ಲ" ಅಂದರು. ನಾನೂ ಹಲ್ಲು ಕಿರಿದೆ.

ನಿನ್ನ ಪೊಟ್ಟಣ ನಿನ್ನೆ ನನ್ನ ಮೇಜಿಗೆ ಬಂತು. ಆಸ್ಪತ್ರೆಗೆ ಬಂದದ್ದು ಯಾವತ್ತು ಗೊತ್ತೇ? ಏಳರಂದು! ಹೊರಗಿನಿಂದ ಬರುವ ಫಿಲ್ಮುಗಳನ್ನು ನೇರವಾಗಿ ಡಾಕ್ಟರ ಕೈಗೆ ಕೊಡಬಾರದು, ಕೆಳಗಿನ ದಾಖಲೆ ವಿಭಾಗದಲ್ಲಿ ಕಂಪ್ಯೂಟರಿಗೆ ಏರಿಸಬೇಕು ಎಂಬುದು ಹೊಸ ನಿಯಮ. ಅಲ್ಲಿಯ ಗುಮಾಸ್ತ ಬಿಚ್ಚಿ ನೋಡಿದ್ದಾನೆ. ನಡುವೆ ತೂತು, ಅಂಚಿನಲ್ಲಿ ಹಳದಿ ಬಣ್ಣ, ಜೊತೆಗೊಂದು ಬಾಣ. ಯಂತ್ರಕ್ಕೆ ತುರುಕಿದರೆ ಸಿಕ್ಕಿಕೊಳ್ಳುತ್ತದೆ ಎಂದು ಕಪಾಟಿನ ಮೇಲೆ ಎತ್ತಿಟ್ಟಿದ್ದಾನೆ. ಅಮ್ಮನ ಎದೆ ಬಿಚ್ಚುತ್ತಿದ್ದಾಗ ಫಿಲ್ಮ್ ಅದೇ ಕಟ್ಟಡದಲ್ಲಿತ್ತು ಅಣ್ಣಾ. ಎರಡು ಮಹಡಿ ಕೆಳಗೆ. ಅವನ ಕೊರಳಪಟ್ಟಿ ಹಿಡಿಯುವುದೊಂದು ಬಾಕಿ. ಅವನು ನಿಯಮದ ಹಾಳೆ ತೋರಿಸಿದ.

ಫಿಲ್ಮ್ ನೋಡಲು ಹಿಂದಿನಿಂದ ಬೆಳಕು ಬೇಕು. ನಮ್ಮ ವಿಭಾಗದಲ್ಲಿ ಒಂದೂ ಲೈಟ್ ಬಾಕ್ಸ್ ಉಳಿದಿಲ್ಲ. ಕೊನೆಗೆ ಕ್ಯಾಂಟೀನಿನಲ್ಲಿ ಒಂದು ಸಿಕ್ಕಿತು, ಅದರ ಮೇಲೆ ಕಾಫಿ, ಬನ್ನುಗಳ ಹೆಸರು ಅಂಟಿಸಿ ಬೋರ್ಡು ಮಾಡಿಕೊಂಡಿದ್ದಾರೆ. ಜನ ಊಟಕ್ಕೆ ಕೂತಿದ್ದರು. ಅವರ ಎದುರಿಗೇ ಆ ಹಾಳೆಯನ್ನು ಕಿತ್ತೆಸೆದು, ನಿನ್ನ ಸ್ಟೆನ್ಸಿಲ್ ಹಚ್ಚಿ, ಬಾಣವನ್ನು ಅದರ ಜಾಗಕ್ಕೆ ಕೂರಿಸಿದೆ. ಸರಿಯಾಗಿ ಕೂತಿತು. ನಿನ್ನ ಕೈ ಅಷ್ಟು ನೇರ.

ಗಂಟು ಅಲ್ಲಿತ್ತು. ಬಾಣದ ಮೊನೆಯ ಹತ್ತಿರ ನಿನ್ನ ಬ್ಲೇಡು ಅದರ ನಡುವೆಯೇ ಹಾದಿದೆ, ಅರ್ಧ ಬಾಣದಲ್ಲಿ, ಅರ್ಧ ಸ್ಟೆನ್ಸಿಲ್‌ನಲ್ಲಿ. ಜೋಡಿಸಿ ಅಳೆದೆ. ಅಷ್ಟೇ ದೊಡ್ಡದು. ಹನ್ನೊಂದು ವರ್ಷದಲ್ಲಿ ಕೂದಲೆಳೆಯಷ್ಟೂ ಬೆಳೆದಿಲ್ಲ. ಕತ್ತರಿಸಬೇಕಾಗಿರಲಿಲ್ಲ.

ಮಾರ್ಚ್ ಹದಿಮೂರಕ್ಕೆ "ಇದೆ, ಬಾಣ ಮಾಡಿದ್ದೇನೆ" ಎಂದು ಒಂದು ಸಾಲು ಬರೆದಿದ್ದರೆ ಬಣ್ಣ ಸಮೇತ ಎತ್ತಿಕೊಂಡು ಬರುತ್ತಿದ್ದೆ. ಅದರ ಬದಲು ಮೊದಲ ಕಾಗದದ ತುಂಬ ಕುಹಕ ಬರೆದೆ. ನಿನಗೆ ನಿನ್ನ ಹಳೆಯ ಅವಮಾನ ತೀರಿಸಿಕೊಳ್ಳಬೇಕಿತ್ತು. ತೀರಿತೇ? ನಾನು ಎರಡು ಬೀದಿ ನಡೆಯಲಿಲ್ಲ, ಅದನ್ನು ನೀನು ಎತ್ತಿ ಆಡಬೇಕಾಗಿಲ್ಲ, ನಿನ್ನೆಯಿಂದ ನನಗೆ ಬೇರೆ ಯೋಚನೆಯೇ ಇಲ್ಲ.

ಅಮ್ಮನಿಗೆ ಫಿಲ್ಮಿನ ವಿಷಯ ಹೇಳಿಲ್ಲ. ನೀನೂ ಹೇಳಬೇಡ.

ತಂಗಿ

ಮೇ ೨

ಮಗನಿಗೂ ಮಗಳಿಗೂ,

ಇದು ಒಂದೇ ಕಾಗದ, ಅಡಿಯಲ್ಲಿ ಕಾರ್ಬನ್ ಇಟ್ಟು ಬರೆದದ್ದು. ಮೂವತ್ತು ವರ್ಷ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವಳು, ಕಾರ್ಬನ್ ನನ್ನ ಹತ್ತಿರ ಯಾವಾಗಲೂ ಇರುತ್ತದೆ. ಮೇಲಿನ ಪ್ರತಿ ಯಾರಿಗೆ, ಅಡಿಯದು ಯಾರಿಗೆ ಎಂದು ಅದಕ್ಕೂ ಜಗಳ ತೆಗೆಯಬೇಡಿ. ಪುಟ್ಟಿ, ಒಂದೇ ಮನೆಯಲ್ಲಿದ್ದೂ ನಿನಗೆ ಕಾಗದ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಿದರೆ ನೀನು ಕೇಳುವುದಿಲ್ಲ. ಪಕ್ಕೆ ಹಿಡಿದುಕೊಂಡು, ನಾಲ್ಕು ಸಾಲಿಗೊಮ್ಮೆ ನಿಲ್ಲಿಸಿ ಬರೆಯುತ್ತಿದ್ದೇನೆ. ಪೂರ್ತಿ ಓದಿ.

ನೀವು ಮುಚ್ಚಿಟ್ಟದ್ದು ನನಗೆ ಗೊತ್ತಾಗಿದೆ. ಕ್ಯಾಂಟೀನಿನಲ್ಲಿ ಡಾಕ್ಟರಮ್ಮ ಬೋರ್ಡು ಕಿತ್ತ ಕಥೆಯನ್ನು ಹೊಲಿಗೆ ಬಿಚ್ಚಲು ಬಂದ ನರ್ಸು ನಗುತ್ತಾ ಹೇಳಿದಳು. ಪಾಪ, ಅದು ನನ್ನದೇ ಎದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಪುಟ್ಟಿಯ ಕಪಾಟು ತೆಗೆದು ಅಲ್ಲಿದ್ದ ಕಾಗದಗಳನ್ನೆಲ್ಲ ಓದಿದೆ. ಫಿಲ್ಮೂ ಸಿಕ್ಕಿತು. ಮಗನ ಕಾಗದಗಳಿದ್ದವು, ಪುಟ್ಟಿ ಬರೆದವು ಇರಲಿಲ್ಲ, ಆದರೆ ಉತ್ತರ ಓದಿದವಳಿಗೆ ಪ್ರಶ್ನೆ ಗೊತ್ತಾಗದೇ?

ಆ ಜ್ವರದ ದಿನ ಮಗ ಗಾಡಿ ನಿಲ್ಲಿಸಲು ಹೊರಗೆ ಹೋಗಿದ್ದ. ದಪ್ಪ ಕನ್ನಡಕದ ಡಾಕ್ಟರು ಆ ಫಿಲ್ಮನ್ನು ಬೆಳಕಿಗೆ ಹಿಡಿದು, ನನ್ನನ್ನು ಹತ್ತಿರ ಕರೆದು, ಬೆರಳಿಟ್ಟು ತೋರಿಸಿದರು. "ಇದು ನಿಮಗೆ ಚಿಕ್ಕಂದಿನಲ್ಲಿ ಯಾವಾಗ್ಲೋ ಆಗಿ ವಾಸಿಯಾದ ಗಾಯ ಕಣಮ್ಮ. ಮುಂದೆ ಯಾರಾದ್ರೂ ನೋಡಿ ಗಾಬರಿಯಾದ್ರೆ ಹಳೇದು ಅಂತ ಹೇಳಿ, ಈ ಫಿಲ್ಮ್ ಜೋಪಾನ ಮಾಡಿ" ಎಂದರು. ಅದಕ್ಕೇ ಅಟ್ಟದ ಮೇಲಿಟ್ಟದ್ದು. ಇಟ್ಟವಳು ನಾನು, ಮಗನಲ್ಲ.

ಸ್ಕ್ಯಾನ್ ಮಾಡುವ ಹುಡುಗನಿಗೆ ಹೇಳಿದೆ, "ಉಸಿರು ಹಿಡ್ಕೊಳಿ ಅಜ್ಜಿ" ಅಂದ. ಸರ್ಜನ್ನಿಗೆ ಹೇಳಿದೆ, ಅವರು ಪುಟ್ಟಿಯ ಮುಖ ನೋಡಿದರು. ಪುಟ್ಟಿಗೆ ಹೇಳಿದೆ, "ಅಮ್ಮಾ, ಸ್ವಲ್ಪ ಸುಮ್ನಿರು" ಅಂದಳು. ಹಿತ್ತಲ ಗಿಡ ಮದ್ದಲ್ಲ. ಬಾಯಿಮಾತಿನ ಮೇಲೆ ಆಸ್ಪತ್ರೆ ನಡೆಯುವುದಿಲ್ಲ ಎಂದು ನನಗೂ ಗೊತ್ತು. ಆದರೆ ನಿನಗೆ ಹೇಗೆ ಗೊತ್ತಮ್ಮಾ ಎಂದು ಒಬ್ಬರಾದರೂ ಕೇಳಬಹುದಿತ್ತು. ಕೇಳಿದ್ದರೆ, ಇದು ನನ್ನ ಪ್ರಾಣದ ಮಾತು ಎಂದು ನಾನೇ ಮಗನನ್ನು ಕೂಗಿ ಕರೆಯುತ್ತಿದ್ದೆ. ಫೋನ್ ಒಡೆದು ಎರಡು ತಿಂಗಳಾಯಿತು, ಡಾಕ್ಟರಮ್ಮನಿಗೆ ಇನ್ನೂ ರಿಪೇರಿ ಮಾಡಿಸಲು ಪುರಸೊತ್ತಿಲ್ಲ. ಅಣ್ಣನ ಹತ್ತಿರ ಇಲ್ಲವಂತೆ ಎಂದಳು. ಇಲ್ಲ ಎಂದವನು ಮೊಳೆಗೆ ನೇತು ಹಾಕಿಕೊಂಡು ಕೂತಿದ್ದ.

ಮತ್ತೆ ಆಪರೇಷನ್ನಿನ ಒಪ್ಪಿಗೆಗೆ ಸಹಿ ಏಕೆ ಹಾಕಿದೆ ಎನ್ನುತ್ತೀರಾ? ಅದರ ಹಿಂದಿನ ಸಂಜೆ ಪುಟ್ಟಿ ನನ್ನ ಮಡಿಲಲ್ಲಿ ತಲೆಯಿಟ್ಟು, "ನೀನು ಸತ್ತೋದ್ರೆ ನಾನೇನು ಮಾಡ್ಲಿ" ಎಂದು ಅತ್ತಳು. ಮಗು ಹೀಗೆ ಅಳುವುದಕ್ಕಿಂತ ಒಂದು ತುಂಡು ಹೋಗಲಿ ಎಂದು ಹಾಕಿದೆ. ಅದು ನನ್ನ ದಡ್ಡತನ. ಅದರ ಸಿಟ್ಟೂ ನನಗಿದೆ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಮ್ಮಲ್ಲಿ ಕೂಸುಗಳ ಜಗಳದಲ್ಲಿ ತಾಯಿ ಬಡವಾದಳು. ಬಣ್ಣದ ವಾಸನೆ ನನ್ನನ್ನು ಸುಟ್ಟಿರಲಿಲ್ಲ ಪುಟ್ಟಿ, ಅವತ್ತು ಸಾರಿನ ಒಗ್ಗರಣೆ ಗಂಟಲಿಗೆ ಹತ್ತಿತ್ತು. ಮಗನೇ, ನಿನಗೆ ಅವಮಾನವಾಯಿತು, ನಿಜ. ಅದಕ್ಕೆ ನನ್ನ ಎದೆಗೆ ಬ್ಲೇಡು ಹಾಕಿದೆಯಾ? ಇಬ್ಬರೂ ನನ್ನನ್ನು ಅತ್ತ ಎಳೆದಿರಿ, ಇತ್ತ ಎಳೆದಿರಿ. ಎಲ್ಲಿರುತ್ತೀಯಮ್ಮಾ ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದಾಗ ಬರುವುದಿಲ್ಲ. ಇನ್ನು ಎಷ್ಟು ಅತ್ತರೂ ನನ್ನ ಉಸಿರು ಮೊದಲಿನ ಹಾಗೆ ಆಗುವುದಿಲ್ಲ. ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದಾರೆ, ಉಸಿರೆಳೆದು ಚೆಂಡು ಮೇಲೇಳಿಸಬೇಕು. ಒಂದು ಏಳುತ್ತದೆ. ಎರಡನೆಯದು ಅಲ್ಲಾಡುತ್ತದೆ. ಮೂರನೆಯದನ್ನು ಬರೀ ನೋಡುತ್ತೇನೆ.

ಬರುವ ತಿಂಗಳ ಮೊದಲ ಸೋಮವಾರ ಮತ್ತೆ ಎದೆಯ ಚಿತ್ರ ತೆಗೆಯುತ್ತಾರಂತೆ. ಮಗ ಬಸ್ಸು ಹತ್ತಿ ಬರಬೇಕು. ಮಗಳು ಬಸ್ ನಿಲ್ದಾಣಕ್ಕೆ ಹೋಗಿ ಕರೆದುಕೊಂಡು ಬರಬೇಕು. ಬರದಿದ್ದರೆ ನಾನು ಆ ಯಂತ್ರದ ಮುಂದೆ ನಿಲ್ಲುವುದಿಲ್ಲ, ಯಾರು ಅತ್ತರೂ ನಿಲ್ಲುವುದಿಲ್ಲ. ಡಾಕ್ಟರ ಕೋಣೆಯಲ್ಲಿ ಇಬ್ಬರೂ ಪಕ್ಕಪಕ್ಕ ಕೂರಬೇಕು, ಬಾಯಿ ಮುಚ್ಚಿಕೊಂಡು. ಮೊದಲು ನಾನು ಮಾತಾಡುತ್ತೇನೆ, ನಾನು ಮುಗಿಸುವ ತನಕ ಕೇಳಿ. ಚಿತ್ರ ಆಮೇಲೆ ನೋಡುವಿರಂತೆ.

ಇನ್ನೂ ಇರುವ,
ಅಮ್ಮ